ಉಳಿದವರ ಪರಲೋಕ



ಹತ್ತನೆಯ ಶತಮಾನದ ನಡುಭಾಗದಲ್ಲಿ, ಈಗಿನ ಮದ್ದೂರು ತಾಲ್ಲೂಕಿನ ಆತಕೂರಿನ ಕಡೆ, ಒಂದು ನಾಯಿ ಸತ್ತಿತು. ಅದರ ಹೆಸರು ಕಾಳಿ. 949ರ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಮೇಲೆ, ಗೆದ್ದ ಪಕ್ಷದ ಮಣಲೆರ ಎಂಬ ವೀರನಿಗೆ ಒಡೆಯ ಮೆಚ್ಚಿ ‘ಬೇಕಾದ್ದು ಕೇಳು’ ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಆ ನಾಯಿಯನ್ನು ಕೇಳಿದ. ಮುಂದೆ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಮಣಲೆರ ಚಲ್ಲೇಶ್ವರ ದೇಗುಲದ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗೆ ಭೂಮಿ ಬಿಟ್ಟ. ಅಷ್ಟಕ್ಕೇ ಬಿಡಲಿಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನ ತಲೆಗೆ ಎಂದೂ ಕೊರೆಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪೂಜೆಯಿಲ್ಲ, ಟಿಕೆಟ್ಟಿದೆ.

ಇವತ್ತಿನ ಈ ಸಭೆಯೂ ಅದೇ ಪರಂಪರೆಯದು ಎಂದು ನನಗನ್ನಿಸುತ್ತದೆ. ತೀರಿಕೊಂಡ ಹಿರಿಯರೊಬ್ಬರ ನೆನಪಿಗೆ ಮನೆಯವರು ಒಂದಿಷ್ಟು ಹಣ ಇಟ್ಟಿದ್ದಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಬ್ಬ ಗೊರವನನ್ನು ಕರೆಸಿ ಮಾತನಾಡಿಸುತ್ತಾರೆ. ದತ್ತಿದಾನಿಗಳು ನನಗೆ ಶಾಪದ ಬೆದರಿಕೆಯನ್ನೇನೂ ಹಾಕಿಲ್ಲ. ಆದರೆ ಊಟವನ್ನು ಉಪನ್ಯಾಸ ಮುಗಿದ ಮೇಲೆಯೇ ಇಟ್ಟಿದ್ದಾರೆ.

ಸತ್ತ ಮೇಲೆ ಏನು ಎಂಬ ಪ್ರಶ್ನೆಗೆ ಕನ್ನಡನಾಡು ಕೊಟ್ಟಿರುವ ಉತ್ತರಗಳು ಒಂದಕ್ಕೊಂದು ಸೇರುವುದಿಲ್ಲ. ಒಬ್ಬರಿಗೆ ಸುರಲೋಕ, ಒಬ್ಬರಿಗೆ ಕೈಲಾಸ, ಮತ್ತೊಬ್ಬರಿಗೆ ಮರುಹುಟ್ಟು, ಇನ್ನೊಬ್ಬರಿಗೆ ಹೋಗುವ ಊರೇ ಇಲ್ಲ, ಇಲ್ಲೇ ಐಕ್ಯ. ಇವುಗಳಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ, ಆ ಚರ್ಚೆಯಲ್ಲಿ ನನಗೆ ಅಂಥ ರುಚಿಯೂ ಇಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಈ ಉತ್ತರಗಳನ್ನೆಲ್ಲ ಹೇಳಿದವರು ಯಾರು? ಕಲ್ಲುಗಳನ್ನು ಓದುತ್ತ ಹೋದ ಹಾಗೆ ಕಾಣುವುದು ಇಷ್ಟು: ಪರಲೋಕದ ಮಾತನ್ನು ಆಡಿದವರು ಉಳಿದವರು. ಸಾಯುವವರ ಚಿಂತೆ ಹೆಚ್ಚಾಗಿ ಬೇರೆಯೇ ಇತ್ತು.

ವೀರಗಲ್ಲನ್ನೇ ನೋಡಿ. ನಮ್ಮ ಊರುಗಳ ಹೊರಗೆ, ಕೆರೆ ಏರಿಯ ಮೇಲೆ, ಬಸ್‌ಸ್ಟ್ಯಾಂಡಿನ ಹಿಂದೆ ವಾಲಿಕೊಂಡು ನಿಂತಿರುವ ಈ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುವುದು. ಮೇಲೆ ಅವನು ಲಿಂಗದ ಮುಂದೆ ಕುಳಿತಿರುವುದು, ನೆತ್ತಿಯಲ್ಲಿ ಸೂರ್ಯಚಂದ್ರರು. ಶಿಲ್ಪಿಯ ಕೈ ಓಡಿರುವುದು ಮಾತ್ರ ಕೆಳಗಿನ ಪಟ್ಟಿಕೆಯಲ್ಲಿ. ಅಲ್ಲಿ ಕುದುರೆ ಬೇರೆ, ಬಿಲ್ಲು ಬೇರೆ, ಕೊಂಡೊಯ್ಯುತ್ತಿರುವ ದನಗಳೂ ಬೇರೆ ಬೇರೆ. ಮೇಲಕ್ಕೆ ಹೋದಂತೆ ಎಲ್ಲ ಕಲ್ಲೂ ಒಂದೇ ಥರ. ಸ್ವರ್ಗದಲ್ಲಿ ಎಲ್ಲರಿಗೂ ಒಂದೇ ಅಳತೆಯ ಕೋಣೆ. ತುರು ಕಾಯಲು ಹೋಗಿ ಸತ್ತವನ ಹೆಂಡತಿ ಮಕ್ಕಳಿಗೆ ಊರಿನವರು ಕೊಡಬೇಕಾದ ಋಣವೊಂದಿತ್ತು. ಭೂಮಿಯನ್ನು ಕೊಟ್ಟು ಆ ಋಣದ ಒಂದು ಭಾಗ ತೀರಿಸಿದರು. ಭೂಮಿಯಿಂದ ತೀರದ ಭಾಗಕ್ಕೆ ಅಪ್ಸರೆಯರನ್ನು ಕರೆಸಿದರು.

ಈಗ ಶ್ರವಣಬೆಳಗೊಳಕ್ಕೆ ಬರೋಣ. ನಾನು ಹೇಳುತ್ತಿರುವುದು ದೊಡ್ಡಬೆಟ್ಟದ ಮಾತಲ್ಲ. ಎದುರಿನ ಚಿಕ್ಕಬೆಟ್ಟ, ಶಾಸನಗಳ ಕಟವಪ್ರ, ಕಳ್ವಪ್ಪು. ಗೊಮ್ಮಟನ ಕಡೆ ಹತ್ತುವ ಜನದಲ್ಲಿ ಹತ್ತರಲ್ಲಿ ಒಬ್ಬರೂ ಇತ್ತ ಬರುವುದಿಲ್ಲವೇನೋ. ಇಲ್ಲಿನ ಅತಿ ಹಳೆಯ ಶಾಸನ ಸುಮಾರು 600ರದು. ಅದರಲ್ಲಿ ಭದ್ರಬಾಹುವಿನ ಬರಗಾಲದ ಭವಿಷ್ಯ, ಸಂಘ ದಕ್ಷಿಣಕ್ಕೆ ಬಂದದ್ದು, ಇದೇ ಬಂಡೆಯ ಮೇಲೆ ಪ್ರಭಾಚಂದ್ರನೆಂಬ ಮುನಿ ದೇಹ ಬಿಟ್ಟದ್ದು, ಅವನ ನಂತರ ಏಳುನೂರು ಋಷಿಗಳು ಹಾಗೇ ಹೋದದ್ದು ಎಲ್ಲ ಬರುತ್ತದೆ. ಆಮೇಲಿನ ಎರಡು ಶತಮಾನಗಳಲ್ಲಿ ಈ ಬಂಡೆಯ ಮೇಲೆ ಜೈನ ಮುನಿಗಳೂ ಸನ್ಯಾಸಿನಿಯರಾದ ಗಂತಿಯರೂ ಒಬ್ಬರಾದ ಮೇಲೊಬ್ಬರು ಬಂದು, ನೋಂತು, ಅಂದರೆ ಆಹಾರ ಬಿಡುವ ವ್ರತ ಹಿಡಿದು, ಮುಡಿಪಿದರು. ಹೆಚ್ಚಿನವು ಎರಡು ಮೂರು ಸಾಲಿನ ಬರಹಗಳು: ಯಾವ ಊರಿನವರು, ಯಾರ ಶಿಷ್ಯರು, ಎಷ್ಟು ಕಾಲ ನೋಂತರು. ಕಳಂತೂರಿನ ಮುನಿಯೊಬ್ಬ ನೂರೆಂಟು ವರ್ಷ ತಪಸ್ಸು ಮಾಡಿ ಬೆಟ್ಟ ಹತ್ತಿದನೆಂದು ಒಂದು ಶಾಸನ ಹೇಳುತ್ತದೆ. ಸುಮಾರು 700ರ ನಂದಿಸೇನನ ಶಾಸನವನ್ನು ಹಳಗನ್ನಡದ ವಿದ್ಯಾರ್ಥಿಗಳೆಲ್ಲ ಓದಿರುತ್ತೀರಿ. ರೂಪ, ಭೋಗ, ಸಿರಿ ಯಾವುದೂ ನಿಲ್ಲುವುದಿಲ್ಲ ಎಂದು ಕಂಡುಕೊಂಡ ಆ ಮುನಿಯ ಕೊನೆಯ ನಿರ್ಧಾರವನ್ನು ಹೇಳುವ ಪದ್ಯ ಕನ್ನಡ ಕಾವ್ಯದ ಬಾಗಿಲಲ್ಲೇ ನಿಂತಿದೆ. ನಮಗೆ ಸಿಕ್ಕಿರುವ ಮೊದಮೊದಲ ಕನ್ನಡ ಪದ್ಯಗಳಲ್ಲಿ ಒಂದು ಹುಟ್ಟಿದ್ದು ಸಾಯುವವನೊಬ್ಬನ ಪಕ್ಕದಲ್ಲಿ.

ಈ ಬೆಟ್ಟದ ಸಾವುಗಳನ್ನು ಒಂದು ಬದುಕಿನ ಕೆಲಸವಾಗಿ ಓದಿದವರು ಷ. ಶೆಟ್ಟರ್. ಇಂಗ್ಲಿಷಿನಲ್ಲಿ ಎರಡು ದೊಡ್ಡ ಗ್ರಂಥಗಳನ್ನೇ ಬರೆದರು, ಮೊದಲನೆಯದು 1986ರಲ್ಲಿ, ಎರಡನೆಯದು 1990ರಲ್ಲಿ. ಆಮೇಲೆ ಅವು ‘ಸಾವಿಗೆ ಆಹ್ವಾನ’, ‘ಸಾವನ್ನು ಅರಸಿ’ ಎಂದು ಕನ್ನಡಕ್ಕೂ ಬಂದವು. ಸಾವಿನ ಬಗ್ಗೆ ಪುಸ್ತಕ ಎಂದ ಕೂಡಲೇ ಮನೆಯ ಕಪಾಟಿನಲ್ಲಿ ಹಿಂದಕ್ಕೆ ತಳ್ಳುವವರಿದ್ದಾರೆ. ಈ ಎರಡನ್ನು ಮುಂದೆ ಇಡಬೇಕು.

ಈ ವ್ರತದ, ಅಂದರೆ ಸಲ್ಲೇಖನದ, ಕಟ್ಟಳೆಯನ್ನು ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ ಸ್ಪಷ್ಟವಾಗಿ ಹೇಳುತ್ತದೆ. ಪರಿಹಾರವೇ ಇಲ್ಲದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು, ರೋಗ ಬಂದಾಗ ಮಾತ್ರ ಇದಕ್ಕೆ ಎಡೆ. ಮೊದಲು ಬಂಧುಗಳನ್ನೂ ಪರಿಜನರನ್ನೂ ಕರೆದು ಕ್ಷಮೆ ಕೇಳಬೇಕು, ತಾನೂ ಕ್ಷಮಿಸಬೇಕು. ನಂತರ ಅನ್ನ ಬಿಟ್ಟು ಹಾಲಿನಂಥದ್ದು, ಅದನ್ನೂ ಬಿಟ್ಟು ಬಿಸಿನೀರು, ಕೊನೆಗೆ ಅದೂ ಇಲ್ಲ. ಇಷ್ಟು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ನಾವು ನಿಂತು ನೋಡದೇ ಇರುವುದು, ಅದರ ಐದು ಅತಿಚಾರಗಳು. ವ್ರತ ಹಿಡಿದವನು ಇನ್ನೂ ಬದುಕಬೇಕೆಂದು ಬಯಸಿದರೆ ತಪ್ಪು. ಬೇಗ ಸಾಯಬೇಕೆಂದು ಬಯಸಿದರೂ ತಪ್ಪು. ಭಯ ತಪ್ಪು. ಗೆಳೆಯರನ್ನು ನೆನೆದು ಕೊರಗುವುದು ತಪ್ಪು. ಐದನೆಯದು ನಿದಾನ: ಮುಂದಿನ ಜನ್ಮದಲ್ಲಿ ಇಂಥ ಸುಖ ಸಿಗಲಿ ಎಂದು ಲೆಕ್ಕ ಹಾಕುವುದೂ ತಪ್ಪು.

ಸ್ವಲ್ಪ ಯೋಚಿಸಿ. ಸ್ವರ್ಗಗಳನ್ನು ಮಹಡಿ ಮಹಡಿಯಾಗಿ ಎಣಿಸಿ, ಅಲ್ಲಿನ ಆಯುಸ್ಸನ್ನು ಸಾಗರೋಪಮಗಳಲ್ಲಿ ಅಳೆದ ಧರ್ಮ ಇದು. ಅಂಥ ಧರ್ಮವೇ ಸಾಯುವ ಮನುಷ್ಯನಿಗೆ ಆ ಕಡೆ ತಲೆ ಎತ್ತಿ ನೋಡಬೇಡ ಎನ್ನುತ್ತದೆ. ಹಾಗಾದರೆ ಶಾಸನಗಳಲ್ಲಿ ಇಂಥವರು ಸುರಲೋಕಕ್ಕೆ ಸಂದರು ಎಂದು ಬರೆದವರು ಯಾರು? ಶಿಷ್ಯರು, ಮಗಳು, ಮೊಮ್ಮಗ, ಊರಿನ ಶೆಟ್ಟಿ. ಮುನಿಗೆ ನಿಷೇಧಿಸಿದ್ದ ಬಯಕೆಯನ್ನು ಅವನ ಪರವಾಗಿ ಉಳಿದವರು ಬಯಸಿದರು. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ನಡೆಯೂ ಹೀಗೇ ಇದೆ. ಸುಕುಮಾರಸ್ವಾಮಿಯನ್ನು ನರಿ ತನ್ನ ಮರಿಗಳೊಂದಿಗೆ ಕಾಲಿನಿಂದ ತಿನ್ನುತ್ತ ಬರುವ ಆ ಮೂರು ರಾತ್ರಿಗಳನ್ನು ಓದಿದವರಿಗೆ ಮರೆಯಲು ಆಗುವುದಿಲ್ಲ. ಆಮೇಲೆ ಅವನು ಯಾವ ಕಲ್ಪದಲ್ಲಿ ದೇವನಾಗಿ ಹುಟ್ಟಿದ ಎಂಬುದು ಎಷ್ಟು ಜನಕ್ಕೆ ನೆನಪಿರುತ್ತದೆ?

ಅರಸರೂ ಹೀಗೆ ಹೋದರು. ಗಂಗರ ಮಾರಸಿಂಹ ಪಟ್ಟ ಬಿಟ್ಟು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನ ನೋಂತು ತೀರಿಕೊಂಡ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ವಡಿ ಇಂದ್ರ 982ರಲ್ಲಿ ಬೆಳಗೊಳದಲ್ಲೇ. ರಾಜ್ಯ ಕಳೆದುಕೊಂಡವನ ವೈರಾಗ್ಯದಲ್ಲಿ ಎಷ್ಟು ಪಾಲು ಧರ್ಮ, ಎಷ್ಟು ಪಾಲು ಸೋಲು ಎಂದು ಇತಿಹಾಸಕಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನನ್ನ ಮನಸ್ಸು ನಿಲ್ಲುವುದು ಅರಸರ ಹತ್ತಿರವಲ್ಲ, ಮಾಚಿಕಬ್ಬೆಯ ಹತ್ತಿರ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದಿಂದ ಹಾರಿದಳೆಂಬುದು ಜನರ ಬಾಯಲ್ಲಿ ಬೆಳೆದ ಕಥೆ, ಶಾಸನ ಅದನ್ನು ಹೇಳುವುದಿಲ್ಲ. ಶಾಸನ ಹೇಳುವುದು ಅವಳ ತಾಯಿಯ ಮಾತನ್ನು. ಮಗಳು ಹೋದ ಮೇಲೆ ತಾನಿರಲಾರೆ ಎಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಮುಂದೆ ಸನ್ಯಸನ ಹಿಡಿದು, ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ಸಮಂತಭದ್ರನ ಅಳತೆಯಲ್ಲಿ ಇದು ಕೆಡುತ್ತದೆ. ಪ್ರೀತಿಪಾತ್ರರನ್ನು ನೆನೆದು ಕೊರಗಬಾರದಲ್ಲವೇ? ಅವಳು ಬಂದದ್ದೇ ಕೊರಗಿನಿಂದ. ಆದರೂ ಗುರುಗಳು ಅವಳನ್ನು ಹಿಂದಕ್ಕೆ ಕಳಿಸಲಿಲ್ಲ, ಶಾಸನ ಕವಿ ಅವಳನ್ನು ಹೊಗಳಲು ಹಿಂಜರಿಯಲಿಲ್ಲ. ಶಾಸ್ತ್ರಕ್ಕಿಂತ ಅದರ ಪಕ್ಕದಲ್ಲಿ ಕುಳಿತವರು ಮೃದುವಾಗಿದ್ದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬಗೆಯ ಕಲ್ಲಿನ ಮುಂದೆಯೂ ನಿಲ್ಲಬೇಕು. ಇಲ್ಲದಿದ್ದರೆ ನಾನು ಹಳೆಯದನ್ನೆಲ್ಲ ಕೊಂಡಾಡುವ ಸಾಲಿಗೆ ಸೇರುತ್ತೇನೆ. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ. ಗಂಡ ಏಚನನ್ನು ರಾಜಾಜ್ಞೆಯಿಂದ ಕೊಲ್ಲಿಸಿದ ಸುದ್ದಿ ಬಂದಾಗ ಅವಳು ಬೆಂಕಿಗೆ ಹೊರಟಳು. ತಂದೆತಾಯಿ, ನೆಂಟರು ಕಾಲು ಹಿಡಿದು ಬೇಡ ಎಂದರು. ಅವಳು ಒಪ್ಪಲಿಲ್ಲ. ಕಲ್ಲು ನಿಲ್ಲಿಸಿದವನು ಬೇಡ ಎಂದ ತಂದೆಯೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬದಲ್ಲಿ ಕುವರಲಕ್ಷ್ಮನ ಕಥೆ. ಒಡೆಯ ಇಮ್ಮಡಿ ಬಲ್ಲಾಳ ಹೋದಾಗ ಅವನೊಂದಿಗೆ ತಾನೂ ಹೋಗುವ ಗರುಡವ್ರತ ಅವನದು. ಜೊತೆಯಲ್ಲಿ ಹೆಂಡತಿ ಸುಗ್ಗಲದೇವಿ, ಸಾವಿರ ಮಂದಿ ಭಟರು. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವವರನ್ನು ಆ ಕಂಬದ ಮೇಲೆ ಈಗಲೂ ನೋಡಬಹುದು. ಈ ಸಾವಿರ ಜನದಲ್ಲಿ ಎಷ್ಟು ಮಂದಿಗೆ ‘ಒಲ್ಲೆ’ ಎನ್ನುವ ದಾರಿ ಇತ್ತು? ಉಳಿದವರಿಗೆ ಪರಲೋಕದ ಹಂಚಿಕೆಯ ಅಧಿಕಾರ ಸಿಕ್ಕಾಗ ಅದು ಸಾಯಲು ಒತ್ತಾಯಿಸುವ ಅಧಿಕಾರವೂ ಆಗಬಲ್ಲದು. ಮಹಾಸತಿಯ ಕಲ್ಲಿನ ಮೇಲೆ ಚಾಚಿದ ಆ ಬಳೆ ತೊಟ್ಟ ತೋಳಿಗೆ ಅರಿಶಿನ ಕುಂಕುಮ ಹಚ್ಚುವಾಗ ನಮಗೆ ಇದು ನೆನಪಿರಬೇಕು.

ಹನ್ನೆರಡನೆಯ ಶತಮಾನದ ಶರಣರು ಈ ಇಡೀ ವ್ಯವಹಾರವನ್ನೇ ಬೇರೆ ಮಾಡಿದರು. ದೇಹವನ್ನು ಸುಡುವುದಿಲ್ಲ. ಮೈಗೆ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ, ಬಿಲ್ವಪತ್ರೆ, ಕುಳಿತ ಭಂಗಿಯಲ್ಲೇ ಸಮಾಧಿ. ಮೈಲಿಗೆ ಇಲ್ಲ, ಪಿಂಡವಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರು ಲಿಂಗೈಕ್ಯರಾದರೆ ಗೋಡೆಗೆ ಒರಗಿಸಿ ಕೂರಿಸಿ, ರುಮಾಲು ಸುತ್ತಿ, ಇಡೀ ರಾತ್ರಿ ಭಜನೆ ಮಾಡುತ್ತಾರೆ. ಮೊದಲ ಸಲ ನೋಡಿದವರಿಗೆ ಮನೆಯ ಯಜಮಾನ ಭಜನೆ ಕೇಳುತ್ತ ಕುಳಿತಂತೆ ಕಾಣುತ್ತದೆ. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ನಾಣ್ಣುಡಿ ನೋಡಲು ಹೇಳುವುದು ಸಾವಿನ ಈಚೆಗಿನದನ್ನು, ಆಚೆಗಿನದನ್ನಲ್ಲ.

ಹಾಗೆಂದು ಆಚೆಯವರು ಸುಮ್ಮನೆ ಬಿಡುತ್ತಾರೆಯೇ? ತುಳುನಾಡಿನಲ್ಲಿ ಮದುವೆಯಾಗದೆ ಸತ್ತ ಮಕ್ಕಳಿಗೆ ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಎರಡು ಮನೆಯ ಕುಲೆಗಳಿಗೆ, ಅಂದರೆ ಪ್ರೇತಗಳಿಗೆ, ಸಂಬಂಧ ನೋಡಿ, ಮಾತುಕತೆ ನಡೆಸಿ, ಧಾರೆ ಎರೆದು, ಊಟ ಹಾಕುತ್ತಾರೆ. ಕೊಡಗಿನಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಒಕ್ಕದ, ಅಂದರೆ ಮನೆತನದ, ಮೂಲಪುರುಷನಾದ ಕಾರಣನಿಗೆ ಕೈಮಡವೆಂಬ ಗುಡಿಯಲ್ಲಿ ಗೌರವ ಸಲ್ಲುತ್ತಲೇ ಇರುತ್ತದೆ. ಹಳೇ ಮೈಸೂರಿನ ಕಡೆ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಬಾಳೆಲೆಯ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಹೊಸ ಪಂಚೆ, ಅಪ್ಪನಿಗೆ ಇಷ್ಟವಿದ್ದ ಬೀಡಿಕಟ್ಟು, ಕೆಲವು ಮನೆಗಳಲ್ಲಿ ಒಂದು ಕ್ವಾರ್ಟರ್ ಬ್ರಾಂದಿ. ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು.

ಮರುಹುಟ್ಟನ್ನು ನಂಬುವ ಮನೆಗಳೂ ಈ ಎಡೆ ಇಡುತ್ತವೆ. ತರ್ಕದಿಂದ ನೋಡಿದರೆ ಅಪ್ಪ ಇಷ್ಟು ಹೊತ್ತಿಗೆ ಎಲ್ಲೋ ಹುಟ್ಟಿ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗುತ್ತಿರಬೇಕು. ಬೀಡಿ ಸೇದಲು ಅಮಾವಾಸ್ಯೆಗೆ ಹೇಗೆ ಬಂದಾನು? ಹಿಂದೆ ಚಾರ್ವಾಕರೂ ಶ್ರಾದ್ಧದ ಬಗ್ಗೆ ಇದೇ ಧಾಟಿಯಲ್ಲಿ ಗೇಲಿ ಮಾಡಿದ್ದರು. ಈ ಗೇಲಿಗೆ ಎಡೆ ಇಡುವ ಅಜ್ಜಿ ಸೋಲುವುದಿಲ್ಲ, ಯಾಕೆಂದರೆ ಅವಳು ವಾದ ಮಾಡುತ್ತಿಲ್ಲ. ಎಡೆಯಲ್ಲಿರುವುದು ಸತ್ತವನ ವಿಳಾಸವಲ್ಲ, ಅವನ ನಾಲಗೆಯ ರುಚಿ ಅವಳಿಗೆ ನೆನಪಿರುವ ಬಗೆ.

ನಮ್ಮ ಕಾದಂಬರಿಕಾರರು ಈ ಗುಟ್ಟನ್ನು ಹಿಡಿದಿದ್ದಾರೆ. 1965ರ ‘ಸಂಸ್ಕಾರ’ದಲ್ಲಿ ದೂರ್ವಾಸಪುರದ ಇಡೀ ಅಗ್ರಹಾರ ನಾರಣಪ್ಪನ ಹೆಣವನ್ನು ಮುಂದಿಟ್ಟುಕೊಂಡು ಯಾರು ಸುಡಬೇಕು, ಯಾರು ಸುಡಬಾರದು ಎಂದು ಒದ್ದಾಡುತ್ತದೆ. ನಾರಣಪ್ಪ ಈಗ ಎಲ್ಲಿರಬಹುದು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶಿವರಾಮ ಕಾರಂತರು ‘ಅಳಿದ ಮೇಲೆ’ ಎಂದೇ ಹೆಸರಿಟ್ಟ ಕಾದಂಬರಿಯಲ್ಲಿ ಪರಲೋಕ ಒಂದು ಪುಟದಷ್ಟೂ ಇಲ್ಲ. ಮುಂಬಯಿಯಲ್ಲಿ ಸತ್ತ ಯಶವಂತರಾಯನ ಜಾಡು ಹಿಡಿದು ನಿರೂಪಕ ಊರೂರು ಅಲೆಯುತ್ತಾನೆ, ಅವನನ್ನು ಬಲ್ಲವರನ್ನೆಲ್ಲ ಮಾತನಾಡಿಸುತ್ತಾನೆ. ಸತ್ತವನ ಮುಂದಿನ ಜೀವನ ಅಷ್ಟೂ ಇವರ ಬಾಯಲ್ಲೇ ಇದೆ, ಅದೂ ಒಬ್ಬರದು ಒಂದು ಥರ.

ಇನ್ನು ನಮ್ಮ ಕಾಲ. ಐಸಿಯುವಿನ ಹೊರಗಿನ ಕುರ್ಚಿಗಳಲ್ಲಿ ಕುಳಿತವರು ಡಾಕ್ಟರನ್ನು ಬಾಗಿಲ ಹತ್ತಿರ ತಡೆದು ಹೇಳುವ ಮಾತು ಎಲ್ಲ ಜಿಲ್ಲೆಯಲ್ಲೂ ಒಂದೇ: “ಅವರಿಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ.” ಹೇಳುವವರಲ್ಲಿ ಪ್ರೀತಿ ಇದೆ, ಅದರಲ್ಲಿ ಸಂದೇಹ ಬೇಡ. ಆದರೆ ಕಟವಪ್ರದ ಮುನಿಗೂ, ಮಾಚಿಕಬ್ಬೆಗೂ, ಕಂಬಳಿ ಹಾಸಿಸಿಕೊಂಡು ಕೆಳಗೆ ಇಳಿಸಿ ಎಂದು ತಾವೇ ಕೇಳುತ್ತಿದ್ದ ನಮ್ಮ ಮುತ್ತಜ್ಜಂದಿರಿಗೂ ಒಂದು ವಿಷಯ ಗೊತ್ತಿತ್ತು: ತಾನು ಹೊರಟಿದ್ದೇನೆ. ಸಾಲ ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಯಾರೊಡನೆ ಮಾತು ಬಿಟ್ಟಿದ್ದೇನೆ, ಯಾರನ್ನು ಕರೆಸಬೇಕು ಎಂಬ ಕೆಲಸಗಳು ಆ ತಿಳಿವಿನಿಂದಲೇ ಶುರುವಾಗುತ್ತಿದ್ದವು. ಈಗ ಆ ತಿಳಿವು ಮನೆಯವರೆಲ್ಲರಿಗೂ ಇರುತ್ತದೆ, ಮಂಚದ ಮೇಲಿರುವವರೊಬ್ಬರನ್ನು ಬಿಟ್ಟು. ಬಾಯಿಗೆ ತುಳಸಿ ನೀರು ಬಿಡಬೇಕೆಂದು ಮಗಳು ಸಣ್ಣ ಬಾಟಲಿ ಹಿಡಿದು ನಿಂತಿರುತ್ತಾಳೆ. ಬಾಯಲ್ಲಿ ಟ್ಯೂಬಿರುತ್ತದೆ, ಸಂದರ್ಶನದ ಸಮಯ ಮುಗಿದಿರುತ್ತದೆ.

ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ವಿಷಯ ನಿಮಗೆ ಗೊತ್ತಿದೆ. 1973ರ ನವೆಂಬರ್‌ನಲ್ಲಿ ಹಲ್ಲೆಗೊಳಗಾಗಿ ಅವರು ಮಾತು, ಚಲನೆ ಎರಡನ್ನೂ ಕಳೆದುಕೊಂಡರು. ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಅದೇ ಆಸ್ಪತ್ರೆಯ ದಾದಿಯರು ಅವರನ್ನು ನೋಡಿಕೊಂಡರು. ಅವರನ್ನು ಹೋಗಗೊಡಿ ಎಂದು ಲೇಖಕಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಕೂಡದು, ಅವರು ನಮ್ಮವರು ಎಂದು ದಾದಿಯರು ನಿಂತರು. 2011ರಲ್ಲಿ ನ್ಯಾಯಾಲಯ ದಾದಿಯರ ಮಾತನ್ನೇ ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ, ಬೇರೆ ರೋಗಿಗಳಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಒಂದು ಕಿರಿದಾದ ದಾರಿಯನ್ನೂ ತೆರೆಯಿತು. ಅರುಣಾ 2015ರ ಮೇನಲ್ಲಿ ತೀರಿಕೊಂಡರು. ಎರಡೂ ಕಡೆಯವರು ಪ್ರೀತಿಯಿಂದಲೇ ವಾದಿಸಿದರು. ಅವರ ಇಷ್ಟ ಏನು ಎಂದು ಕೇಳಬಹುದಾಗಿದ್ದ ಹೊತ್ತು ಮಾತ್ರ 1973ರಲ್ಲೇ ಕಳೆದುಹೋಗಿತ್ತು.

ಅದೇ 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಸಂಥಾರಾ, ಅಂದರೆ ಸಲ್ಲೇಖನ, ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ ಕೊನೆಯ ದಿನ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2018ರ ಮಾರ್ಚ್ 9ರಂದು ಸಂವಿಧಾನ ಪೀಠ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಲು ಅವಕಾಶ ಕೊಟ್ಟಿತು. 2023ರಲ್ಲಿ ಅದರ ವಿಧಾನ ಸರಳವಾಯಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಸಲ್ಲೇಖನಕ್ಕೂ ಈ ಕಾಗದಕ್ಕೂ ಸಮ ಹಚ್ಚಬಾರದು. ಒಂದು ವ್ರತ, ಒಂದು ವೈದ್ಯಕೀಯ ಸೂಚನೆ. ಆದರೂ ಗುರುವಿನ ಅಪ್ಪಣೆ ಬೇಕು, ಸಂಘದ ಎದುರಿಗೆ ಆಗಬೇಕು ಎಂಬ ಹಳೆಯ ಷರತ್ತಿಗೂ, ಸಾಕ್ಷಿಗಳು ಬೇಕು, ವೈದ್ಯರ ಎರಡು ಮಂಡಳಿ ಒಪ್ಪಬೇಕು ಎಂಬ ಹೊಸ ಷರತ್ತಿಗೂ ಹಿಂದಿರುವ ಅಂಜಿಕೆ ಒಂದೇ: ಒಬ್ಬಂಟಿಯಾಗಿ, ದುಡುಕಿನಲ್ಲಿ, ಅಥವಾ ಬೇರೆಯವರ ಒತ್ತಾಯಕ್ಕೆ ಸಿಕ್ಕಿ ಯಾರೂ ಈ ನಿರ್ಧಾರ ಮಾಡಬಾರದು. ದೇಕಬ್ಬೆಯ ಕಲ್ಲು ಇರುವ ನಾಡಿಗೆ ಈ ಅಂಜಿಕೆ ಇರಬೇಕಾದದ್ದೇ.

ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯ ಎಂಬ ಸಂಸ್ಥೆ ಇದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಇಂಥ ಕಡೆ ನೋವಿಗೆ ಔಷಧ ಕೊಡುವುದರ ಜೊತೆಗೆ ನಡೆಯುವ ಇನ್ನೊಂದು ಕೆಲಸ ರೋಗಿಯೊಡನೆ ನಿಜ ಮಾತನಾಡುವುದು. ಇದಕ್ಕೆ ತರಬೇತಿ ಬೇಕು. ಯಾವ ಶಬ್ದದಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಅವರು ಅತ್ತಾಗ ಎಷ್ಟು ಹೊತ್ತು ಸುಮ್ಮನಿರಬೇಕು. ಹಿಂದೆ ಇದನ್ನು ಮನೆಯ ಹಿರಿಯ ಹೆಂಗಸರೊಬ್ಬರು ಯಾವ ಸರ್ಟಿಫಿಕೇಟೂ ಇಲ್ಲದೆ ಮಾಡುತ್ತಿದ್ದರು. ಈಗ ಆ ಹೆಂಗಸರನ್ನೇ ಐಸಿಯುವಿನೊಳಗೆ ಬಿಡುವುದಿಲ್ಲ.

ಮುಂಗಡವಾಗಿ ಬರೆದಿಡುವ ಆ ಕಾಗದದ ನಮೂನೆಗಳು ಈಗ ಸುಲಭವಾಗಿ ಸಿಗುತ್ತವೆ. ವೆಂಟಿಲೇಟರ್ ಬೇಕೇ, ಮೂಗಿನ ಟ್ಯೂಬಿನಲ್ಲಿ ಆಹಾರ ಬೇಕೇ, ಡಯಾಲಿಸಿಸ್ ಬೇಕೇ ಎಂದೆಲ್ಲ ಕೇಳುತ್ತವೆ. ಎಲ್ಲವೂ ಬೇಕಾದ ಪ್ರಶ್ನೆಗಳೇ. ಕ್ಷಮೆ ಯಾರನ್ನು ಕೇಳಬೇಕು, ಪಕ್ಕದಲ್ಲಿ ಯಾರು ಕೂರಬೇಕು, ಭಜನೆಯೋ ಪಂಚನಮಸ್ಕಾರವೋ ರೇಡಿಯೋದ ಹಳೆಯ ಹಾಡೋ, ಬಾಯಿಗೆ ನೀರು ಯಾರ ಕೈಯಿಂದ ಎಂಬುದಕ್ಕೆ ಅವುಗಳಲ್ಲಿ ಕಾಲಂ ಇಲ್ಲ. ಕೆಳಗೆ ಸ್ವಲ್ಪ ಜಾಗ ಖಾಲಿ ಬಿಟ್ಟಿರುತ್ತಾರೆ, ಅಲ್ಲಿ ಬರೆಯಬಹುದು. ಆ ಭಾಗಕ್ಕೆ ನೋಟರಿಯ ಮೊಹರು ಬೇಕಿಲ್ಲ, ಮನೆಯಲ್ಲಿ ಒಬ್ಬರಾದರೂ ಅದನ್ನು ಓದಿರಬೇಕು.